ನಿರ್ಬಂಧದ ತೂಕ, ಬದುಕಿನ ತೂಕ



ಮಲೆನಾಡಿಗೆ ಸಾಂಕ್ರಾಮಿಕವೂ ಹೊಸದಲ್ಲ, ನಿರ್ಬಂಧವೂ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಇಂದಿಗೂ ಚಳಿಗಾಲದಿಂದ ಮಳೆ ಹಿಡಿಯುವತನಕ ಕಾಡಂಚಿನ ಮನೆಗಳನ್ನು ಕಾಡುತ್ತಿದೆ. ಆಗ ಕೇಳಿಬರುವ ಸೂಚನೆ ಒಂದೇ: ಕಾಡಿಗೆ ಹೋಗಬೇಡಿ. 2020ರ ಮಾರ್ಚ್ 25ರಂದು ಕೋವಿಡ್ ನಿಮಿತ್ತ ದೇಶವ್ಯಾಪಿ ಲಾಕ್‌ಡೌನ್ ಆರಂಭವಾದಾಗ ಸೂಚನೆ ತಿರುಗುಮುರುಗಾಯಿತು: ಪೇಟೆಗೆ ಹೋಗಬೇಡಿ. ಅದು ಮಂಗನ ಕಾಯಿಲೆಯ ಕಾಲವೂ ಆಗಿತ್ತು. ಸೊಪ್ಪಿನಬೆಟ್ಟಕ್ಕೂ ಹೋಗದೆ, ಸಂತೆಗೂ ಹೋಗದೆ ಕೃಷಿಕ ಬದುಕುವುದೆಂತು?

ಹಾಗೆಂದು ನಿರ್ಬಂಧಗಳೆಲ್ಲ ವ್ಯರ್ಥವೆಂದು ಸಾರುವುದು ಅವಿವೇಕ. ಬೆಟ್ಟದ ಒಂಟಿಮನೆಯಿಂದ ಆಮ್ಲಜನಕವಿರುವ ಹಾಸಿಗೆಗೆ ಗಂಟೆಗಟ್ಟಲೆ ದಾರಿ. 2021ರ ಏಪ್ರಿಲ್–ಮೇ ತಿಂಗಳ ಎರಡನೆಯ ಅಲೆಯಲ್ಲಿ ರಾಜಧಾನಿಯ ಹಾಸಿಗೆಗಳೇ ಸಾಲದೆ ಹೋದವು. ಲಸಿಕಾ ಅಭಿಯಾನ ಆರಂಭವಾದದ್ದು ಆ ವರ್ಷದ ಜನವರಿ 16ರಂದು. ಅಲ್ಲಿಯವರೆಗೆ ಸೋಂಕನ್ನು ತಡೆದು ನಿಲ್ಲಿಸಿದ ಒಂದೊಂದು ದಿನವೂ ವೃದ್ಧರ ಪಾಲಿಗೆ ಲಾಭವೇ.

ಆದರೆ ಬೆಲೆ ತೆತ್ತವರು ಯಾರು? ರಾಜ್ಯದಲ್ಲಿ ಮದ್ಯದಂಗಡಿಗಳು 2020ರ ಮೇ 4ರಂದು ತೆರೆದವು. ಒಂದರಿಂದ ಐದನೆಯ ತರಗತಿಯ ಶಾಲೆಗಳು ತೆರೆದದ್ದು 2021ರ ಅಕ್ಟೋಬರ್ 25ರಂದು. ಈ ಎರಡು ದಿನಾಂಕಗಳನ್ನು ಅಕ್ಕಪಕ್ಕ ಬರೆದು ನೋಡಿದರೆ ಸಾಕು, ತಕ್ಕಡಿ ಯಾರ ಕೈಯಲ್ಲಿತ್ತೆಂಬುದು ತಿಳಿಯುತ್ತದೆ. ಆ ಶಾಲೆಗಳು ಮುಚ್ಚಿದ್ದು ಹತ್ತೊಂಬತ್ತು ತಿಂಗಳು! ಒಂದನೆಯ ತರಗತಿಗೆ ಸೇರಬೇಕಿದ್ದ ಮಗು ಅಕ್ಷರ ತಿದ್ದದೆಯೇ ಎರಡನೆಯ ತರಗತಿಯ ಬಾಗಿಲಿಗೆ ಬಂದು ನಿಂತಿತು. ಆನ್‌ಲೈನ್ ಪಾಠವೆಂಬುದು ಸಿಗ್ನಲ್ ಅರಸಿ ಗುಡ್ಡದ ನೆತ್ತಿ ಹತ್ತುವ ವ್ಯಾಯಾಮವಾಯಿತು. ಮಳೆಗಾಲದಲ್ಲಿ ಕೊಡೆಯಡಿ ಕುಳಿತು ಮೊಬೈಲ್ ಹಿಡಿದ ಹೆಣ್ಣುಮಕ್ಕಳು ಈ ಸಭೆಯಲ್ಲಿಯೂ ಇರಬಹುದು. ಊರಿನ ಜಗಲಿ, ದೇವಸ್ಥಾನದ ಪ್ರಾಂಗಣಗಳಿಗೆ ಶಿಕ್ಷಕರೇ ಬಂದು ಕಲಿಸಿದ ‘ವಿದ್ಯಾಗಮ’ ಬೆಟ್ಟದೂರಿಗೆ ಒಪ್ಪುವಂತಹ ಮಾರ್ಗವಾಗಿತ್ತು. 2020ರ ಆಗಸ್ಟ್‌ನಲ್ಲಿ ಆರಂಭವಾದ ಅದನ್ನು ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿಯೇ ರಾಜ್ಯಾದ್ಯಂತ ಸ್ಥಗಿತಗೊಳಿಸಲಾಯಿತು. ಸೋಂಕಿಲ್ಲದ ಊರಿನಲ್ಲಿ ಮುಂದುವರಿಸಲು ಅಡ್ಡಿಯೇನಿತ್ತು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ರೋಗದ ಗುಣವರಿತು ನಿರ್ಬಂಧ ವಿಧಿಸಬೇಕು. ಕೋವಿಡ್ ಉಸಿರಿನಿಂದ ಹರಡುವಂಥದು. ಮುಚ್ಚಿದ ಕೋಣೆಯಲ್ಲಿ ಅಪಾಯ ಹೆಚ್ಚು, ಬಯಲಿನಲ್ಲಿ ಕಡಿಮೆ. ಮಂಗನ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡದು. ಉಣುಗು ಕಚ್ಚಿದರೆ ಮಾತ್ರ, ಇಲ್ಲವೇ ರೋಗ ತಗುಲಿದ ಮಂಗವನ್ನು ಮುಟ್ಟಿದರೆ. ಆದ್ದರಿಂದ ಅಲ್ಲಿ ಊರನ್ನು ಮುಚ್ಚುವ ಅಗತ್ಯವಿಲ್ಲ. ಮಂಗ ಸತ್ತ ಜಾಗವನ್ನು ದೂರವಿಡುವುದು, ಕಾಲಿಗೆ ಡೀಪಾ ತೈಲ ಸವರುವುದು, ಕಾಡಿನಿಂದ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯುವುದು ಅಗತ್ಯ.

ತರಗೆಲೆ ಗುಡಿಸುವ ಕಾಲದಲ್ಲಿ ತೈಲ ಬೆಟ್ಟದ ಮನೆಗಳಿಗೆ ತಲುಪಿರಬೇಕು. ಬೆಟ್ಟಕ್ಕೆ ಹೋಗಬೇಡಿ ಎಂದು ಕೂಲಿಯವರನ್ನು ತಡೆಯುವ ದಿನಗಳಿಗೆ ಉದ್ಯೋಗ ಖಾತರಿಯಲ್ಲಿ ಊರೊಳಗೇ ಕೆಲಸ ಒದಗಿಸಬೇಕು. ಈ ಎರಡೂ ಬೇಡಿಕೆಗಳನ್ನು ಚಳಿಗಾಲಕ್ಕೆ ಮುನ್ನ ನಡೆಯುವ ಗ್ರಾಮಸಭೆಯಲ್ಲಿಯೇ ಮಂಡಿಸಿ ಠರಾವು ಬರೆಯಿಸುವುದು ಸೂಕ್ತ.