ವಿಠ್ಠಲ ವಿಹಾರದ ಬಾನುಲಿ

(ಹಮದ್ ಟೌನಿನಲ್ಲಿ ಕನ್ನಡಿಗರ ಕೂಟದ ಮುಂದೆ ಮಾಡಿದ ಉಪನ್ಯಾಸದ ಪಠ್ಯ)



ಸಣ್ಣ ಊರಿನ ಬಾನುಲಿ ಕೇಂದ್ರವೊಂದರ ಇತಿಹಾಸವನ್ನು ಕುರಿತು ಮಾತನಾಡಬೇಕೆಂದು ಸಂಘದ ಗೆಳೆಯರು ಅಪ್ಪಣೆ ಮಾಡಿದರು. ಅವರ ಮನಸ್ಸಿನಲ್ಲಿದ್ದುದು ಬಹುಶಃ ಪಶ್ಚಿಮ ದೇಶಗಳಲ್ಲಿ ರಾಕ್ ಸಂಗೀತದ ಹುಚ್ಚು ಹಿಡಿದ ತರುಣರು ಕಟ್ಟಿದ ಕೇಂದ್ರಗಳು. ಆ ಸಂಗೀತ ನನಗೆ ಅಷ್ಟಾಗಿ ಒಗ್ಗದು. ಇಲ್ಲಿ ಕುಳಿತಿರುವ ಮಕ್ಕಳು ಕ್ಷಮಿಸಬೇಕು. ಆದರೆ ಆ ಹುಚ್ಚು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ರಾಕ್ ಸಂಗೀತ ಹುಟ್ಟುವುದಕ್ಕೆ ಬಹಳ ಮೊದಲೇ ಅಂಥದೇ ಹುಚ್ಚೊಂದು ಮೈಸೂರಿನ ಅಧ್ಯಾಪಕರೊಬ್ಬರನ್ನು ಹಿಡಿದಿತ್ತು.

ಅವರು ಡಾ. ಎಂ. ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿ ಬಂದು, ಮಹಾರಾಜಾ ಕಾಲೇಜಿನಲ್ಲಿ ಆ ವಿಷಯಕ್ಕೆ ಭದ್ರವಾದ ನೆಲೆಯನ್ನು ಒದಗಿಸಿದವರು. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಾದ ‘ವಿಠ್ಠಲ ವಿಹಾರ’ದಿಂದಲೇ ಅವರು ಪ್ರಸಾರವನ್ನು ಆರಂಭಿಸಿದರು. ಪ್ರೇಷಕದ ಶಕ್ತಿ ಕೇವಲ 30 ವಾಟ್! ನಮ್ಮ ಮನೆಗಳಲ್ಲಿ ಹಿಂದೆ ಉರಿಯುತ್ತಿದ್ದ ಸಾಧಾರಣ ಬಲ್ಬು ಇದಕ್ಕಿಂತ ಹೆಚ್ಚಿನ ವಿದ್ಯುತ್ತನ್ನು ಬಯಸುತ್ತಿತ್ತು. ಆರಂಭದ ದಿನ ಕುವೆಂಪು ಅವರು ಕವಿತೆಯನ್ನು ವಾಚಿಸಿದರೆಂಬುದನ್ನು ಮೈಸೂರಿನವರು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಕ್ರಮೇಣ 250 ವಾಟ್‌ನ ಪ್ರೇಷಕವೂ ಬಂದಿತು.

ಗಮನಿಸಬೇಕಾದುದು ಕಾಲ. ದೆಹಲಿಯ ಸಂಸ್ಥೆ ‘ಆಲ್ ಇಂಡಿಯಾ ರೇಡಿಯೊ’ ಎಂಬ ಹೆಸರನ್ನು ಪಡೆದದ್ದು 1936ರ ಜೂನ್‌ನಲ್ಲಿ. ಅದಕ್ಕೆ ಒಂಬತ್ತು ತಿಂಗಳು ಮುಂಚೆಯೇ ಒಬ್ಬ ಮೇಷ್ಟರ ಮನೆಯಿಂದ ಕನ್ನಡದ ಮಾತೂ ಸಂಗೀತವೂ ಗಾಳಿಯಲ್ಲಿ ಹೊರಟಿದ್ದವು. ಆ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದಿತು. ಅದನ್ನು ಸೂಚಿಸಿದವರು ಹಾಸ್ಯಸಾಹಿತಿ ನಾ. ಕಸ್ತೂರಿಯವರೆಂದು ಕೆಲವರು, ಗೋಪಾಲಸ್ವಾಮಿಯವರೇ ಎಂದು ಕೆಲವರು ವಾದಿಸುತ್ತಾರೆ. ಬಂಗಾಳಿಗಳು 1938ರಲ್ಲಿ ಠಾಕೂರರು ಬರೆದ ಕವಿತೆಯನ್ನು ಮುಂದಿಡುತ್ತಾರೆ. ಪುರಾಣದಲ್ಲಿ ಕಂಸನಿಗೆ ಕೇಳಿಸಿದ ಅಶರೀರವಾಣಿಯ ಹೆಸರನ್ನು ಈ ಯಂತ್ರಕ್ಕೆ ಇಡುವ ಉಪಾಯ ಇಬ್ಬರಿಗೆ ಬೇರೆ ಬೇರೆಯಾಗಿ ಹೊಳೆದಿರಲಾರದೆ? ಹೊಳೆದಿರಬಹುದು. ಆದರೆ ಕೇಂದ್ರವೊಂದು ಆ ಹೆಸರಿನಲ್ಲಿ ನಡೆದದ್ದು ಮೈಸೂರಿನಲ್ಲಿ ಎಂಬುದನ್ನು ನಾವು ಬಿಟ್ಟುಕೊಡಬೇಕಾಗಿಲ್ಲ.

ಮುಂದಿನ ಕಥೆ ಅಷ್ಟು ಸಂತೋಷದ್ದಲ್ಲ. ಸ್ವಂತ ಉತ್ಸಾಹದಿಂದ ಕೇಂದ್ರವನ್ನು ಆರಂಭಿಸುವುದು ಒಂದು. ದಿನದಿನವೂ ಕಾರ್ಯಕ್ರಮವನ್ನು ಒದಗಿಸುವುದು ಮತ್ತೊಂದು. ಕಲಾವಿದರು ಬೇಕು, ಯಂತ್ರದ ರಿಪೇರಿಯಾಗಬೇಕು. ನಲವತ್ತರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನ ಕೇಂದ್ರವನ್ನು ವಹಿಸಿಕೊಂಡಿತು. 1950ರ ಏಪ್ರಿಲ್ 1ರಂದು ಅದು ಆಲ್ ಇಂಡಿಯಾ ರೇಡಿಯೊದ ಕೈಸೇರಿತು. 1955ರ ನವೆಂಬರ್‌ನಲ್ಲಿ ಕೇಂದ್ರವೇ ಬೆಂಗಳೂರಿಗೆ ಹೋಯಿತು. ಸ್ವಲ್ಪ ಕಾಲದಲ್ಲಿಯೇ ‘ಆಕಾಶವಾಣಿ’ ಎಂಬ ಹೆಸರು ಇಡೀ ದೇಶದ ಸಂಸ್ಥೆಯದಾಯಿತು. ಹೀಗೆ ಹೆಸರು ದೆಹಲಿಗೆ, ಯಂತ್ರ ಬೆಂಗಳೂರಿಗೆ ಹೋಗಿ, ಹೆತ್ತ ಊರು ಮೂಕವಾಗಿ ಉಳಿಯಿತು. ನೀವು ಈಗ ವಾಸಿಸುತ್ತಿರುವ ಬಹರೈನಿನಲ್ಲಿ ರೇಡಿಯೊ ಪ್ರಸಾರ ನೆಲೆಗೊಂಡ ವರ್ಷವೂ ಅದೇ 1955 ಎಂಬುದು ಒಂದು ವಿಚಿತ್ರ ಯೋಗಾಯೋಗ.

ಮೈಸೂರಿಗೆ ಪುನಃ ಬಾನುಲಿ ಕೇಂದ್ರ ದೊರೆತದ್ದು 1974ರ ನವೆಂಬರ್‌ನಲ್ಲಿ. ಹತ್ತೊಂಬತ್ತು ವರ್ಷಗಳ ಆ ಮೌನವನ್ನು ನಮ್ಮ ಸಾಂಸ್ಕೃತಿಕ ಚರಿತ್ರೆಕಾರರು ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಬೆಂಗಳೂರಿನ ಪ್ರಸಾರ ಮೈಸೂರಿಗೆ ಕೇಳಿಸುತ್ತಿರಲಿಲ್ಲವೆ ಎಂದು ನೀವು ಕೇಳಬಹುದು. ಕೇಳಿಸುತ್ತಿತ್ತು. ಆದರೆ ನೆರೆಮನೆಯ ಹುಡುಗಿ ಹಾಡುವುದನ್ನು ಪೆಟ್ಟಿಗೆಯಲ್ಲಿ ಕೇಳುವುದು ಬೇರೆ, ದೂರದ ರಾಜಧಾನಿಯ ವಿದ್ವಾಂಸರನ್ನು ಕೇಳುವುದು ಬೇರೆ.

ಗಾಳಿಯ ಮೇಲೆ ಯಾರ ಹಕ್ಕು ಎಂಬ ಪ್ರಶ್ನೆ ರಾಕ್ ಸಂಗೀತದವರನ್ನೂ ಬಿಡಲಿಲ್ಲ. ಬ್ರಿಟನ್ನಿನ ನೆಲದ ಮೇಲೆ ಖಾಸಗಿ ಕೇಂದ್ರಕ್ಕೆ ಅವಕಾಶವಿಲ್ಲದ್ದರಿಂದ 1964ರಲ್ಲಿ ‘ರೇಡಿಯೊ ಕ್ಯಾರೊಲೈನ್’ ಸಮುದ್ರದಲ್ಲಿ ನಿಂತ ಹಡಗಿನಿಂದ ತರುಣರ ಹಾಡುಗಳನ್ನು ಬಿತ್ತರಿಸಿತು. ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಗೆ ಸಮುದ್ರವಿರಲಿಲ್ಲ. ವಾಯುತರಂಗಗಳು ಸಾರ್ವಜನಿಕರ ಸ್ವತ್ತೆಂದು ಸುಪ್ರೀಂ ಕೋರ್ಟು 1995ರಲ್ಲಿಯೇ ಹೇಳಿದ್ದರೂ ಹಳ್ಳಿಯ ಜನರಿಗೆ ಪರವಾನಗಿ ದೊರೆಯುವಂತಿರಲಿಲ್ಲ. ಆಗ ಅಲ್ಲಿನ ‘ನಮ್ಮ ಧ್ವನಿ’ಯವರು ಕಂಡುಕೊಂಡ ದಾರಿ ನೋಡಿ: ಟಿ.ವಿ. ಕೇಬಲ್ಲಿನ ತಂತಿಯಲ್ಲಿ ತಮ್ಮ ಕಾರ್ಯಕ್ರಮಗಳನ್ನು ಮನೆಮನೆಗೆ ಕಳುಹಿಸಿದರು! ಮಹಿಳಾ ಸ್ವಸಹಾಯ ಸಂಘದವರು ತಮ್ಮ ಮಾತಿನಲ್ಲಿಯೇ ಕಾರ್ಯಕ್ರಮಗಳನ್ನು ಸಿದ್ಧಪಡಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲನ್ನು ಕೇಂದ್ರ ಸರ್ಕಾರ ತೆರೆದದ್ದು 2006ರ ನವೆಂಬರ್‌ನಲ್ಲಿ. ವಿಠ್ಠಲ ವಿಹಾರದ ಮೊದಲ ಪ್ರಸಾರದಿಂದ ಎಣಿಸಿದರೆ ಎಪ್ಪತ್ತೊಂದು ವರ್ಷ.

ಕೊನೆಗೊಂದು ವಿನಂತಿ. ನಿಮ್ಮಲ್ಲಿ ಮೈಸೂರಿನ ಕಡೆಯವರು ಹಲವರಿದ್ದೀರಿ. ಗೋಪಾಲಸ್ವಾಮಿಯವರ ಪ್ರಸಾರವನ್ನು ಕೇಳಿದ ಪ್ರಸಂಗವನ್ನು ನಿಮ್ಮ ಅಜ್ಜನೋ ಅಜ್ಜಿಯೋ ಹೇಳಿದ್ದರೆ, ಯಾವ ಹಾಡು, ಯಾರ ಮನೆಯ ರೇಡಿಯೊ, ಎಷ್ಟು ಜನ ಕೂಡಿದ್ದರು ಎಂಬಷ್ಟನ್ನಾದರೂ ಬರೆದು ಸಂಘದ ಪತ್ರಿಕೆಗೆ ಕೊಡಿ. ಮುಂದಿನ ಬಾರಿ ಊರಿಗೆ ಹೋದಾಗ ಮನೆಯಲ್ಲಿ ಕೇಳಿ ನೋಡಿ.