ಪರದೆಯ ಕೆಳಗಿನ ಎರಡು ಸಾಲು

1993ರ ಸುಮಾರಿಗೆ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಮೊಗ್ಲಿ ಬರುತ್ತಿದ್ದನಲ್ಲ, ನೆನಪಿದೆಯೇ? ಇಂಡಿ, ಸಿಂದಗಿ, ಬಾಗೇವಾಡಿ ಕಡೆಯ ಹುಡುಗರಿಗೆಲ್ಲ ಅವನ ಹಿಂದಿ ಹಾಡು ಬಾಯಿಪಾಠ. ಆ ಕಾರ್ಟೂನನ್ನು ತಯಾರಿಸಿದ್ದು 1989ರಲ್ಲಿ ಜಪಾನಿನ ನಿಪ್ಪಾನ್ ಆನಿಮೇಷನ್ ಕಂಪನಿ ಅನ್ನುವುದು ಮಾತ್ರ ನಮ್ಮ ಅಗರಖೇಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡಬ್ಬಿಂಗ್ ಜಪಾನನ್ನು ಅಷ್ಟು ಚೆನ್ನಾಗಿ ಮುಚ್ಚಿಟ್ಟಿತ್ತು. ಇವತ್ತು ನಾನು ಹೇಳಹೊರಟಿರುವುದು ಮುಚ್ಚಿಡಲು ಒಪ್ಪದ ಮಂದಿಯ ಕಥೆ. ಜಪಾನಿ ಕಾರ್ಟೂನಿಗೆ, ಅಂದರೆ ಆನಿಮೆಗೆ, ಕೈಯಿಂದ ದುಡ್ಡು ಹಾಕಿ ಅಡಿಬರಹ ಬರೆದ ಅಭಿಮಾನಿಗಳ ಕಥೆ. ಅದಕ್ಕೆ ಫ್ಯಾನ್‌ಸಬ್ ಅನ್ನುತ್ತಾರೆ.

ಇದರ ಬೇರು ಲಾಸ್ ಏಂಜಲೀಸ್‌ನಲ್ಲಿದೆ. ಅಲ್ಲಿ ಫ್ರೆಡ್ ಪ್ಯಾಟನ್ ಅಂತ ಒಬ್ಬ ಗ್ರಂಥಪಾಲಕ. ವಿಮಾನ ಕಂಪನಿಯ ಗ್ರಂಥಾಲಯದಲ್ಲಿ ಪುಸ್ತಕಗಳ ಸೂಚಿ ಮಾಡುವ ಕೆಲಸ, ಮನಸ್ಸೆಲ್ಲ ಚಿತ್ರಕಥೆಗಳ ಮೇಲೆ. ಆ ಊರಿನ ಜಪಾನಿ ಕುಟುಂಬಗಳಿಗಾಗಿ 1976ರಲ್ಲಿ ಸ್ಥಳೀಯ ಟಿವಿಯಲ್ಲಿ ದೈತ್ಯ ರೋಬೋಟುಗಳ ಧಾರಾವಾಹಿಗಳು ಶುರುವಾದವು. ಪ್ಯಾಟನ್ ಮತ್ತು ಗೆಳೆಯರು ಹುಚ್ಚಾದರು. 1977ರಲ್ಲಿ ಕಾರ್ಟೂನ್/ಫ್ಯಾಂಟಸಿ ಆರ್ಗನೈಸೇಷನ್ ಎಂಬ ಕ್ಲಬ್ ಕಟ್ಟಿದರು. ಜಪಾನಿನಿಂದ ತರಿಸಿದ ಟೇಪುಗಳಲ್ಲಿ ಇಂಗ್ಲಿಷಿನ ಸುಳಿವೇ ಇಲ್ಲ. ಹಾಗಾದರೆ ನೋಡುವುದು ಹೇಗೆ? ಕಥೆ ಗೊತ್ತಿದ್ದವರೊಬ್ಬರು ಟಿವಿಯ ಪಕ್ಕ ನಿಂತು ಹೇಳುತ್ತಿದ್ದರು, ಇಲ್ಲವೇ ಕಥಾಸಾರದ ಹಾಳೆ ಹಂಚುತ್ತಿದ್ದರು. ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತ ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಭಾಗವತ ಪಾತ್ರವನ್ನು ಮಾತಾಡಿಸುತ್ತಾನೆ, ನಡುವೆ ನಮ್ಮ ಕಡೆ ತಿರುಗಿ ಬಿಡಿಸಿ ಹೇಳುತ್ತಾನೆ; ಆಟ ಮಾತ್ರ ಕೆಡುವುದಿಲ್ಲ.

ಪ್ಯಾಟನ್ ಮುಂದೆ ಸ್ಟ್ರೀಮ್‌ಲೈನ್ ಪಿಕ್ಚರ್ಸ್ ಸೇರಿದರು. ಅದು ಆನಿಮೆಯನ್ನು ಇಂಗ್ಲಿಷಿಗೆ ಡಬ್ ಮಾಡಿಯೇ ಹೆಸರಾದ ಕಂಪನಿ! 2005ರಲ್ಲಿ ಪ್ಯಾಟನ್‌ಗೆ ಪಾರ್ಶ್ವವಾಯು ಬಡಿಯಿತು. ಆಸ್ಪತ್ರೆಯ ಹಾಸಿಗೆ ಹಿಡಿದರೂ ಬರೆಯುವುದು ಬಿಡಲಿಲ್ಲ. 2018ರಲ್ಲಿ ತೀರಿಕೊಂಡರು.

ಜಪಾನಿನ ಟೇಪು ಅಮೆರಿಕಕ್ಕೆ ಇಷ್ಟು ಸಲೀಸಾಗಿ ಹೋಗಲು ಒಂದು ತಾಂತ್ರಿಕ ಕಾರಣವಿತ್ತು. ಎರಡೂ ದೇಶಗಳ ಟಿವಿ ಪದ್ಧತಿ ಒಂದೇ, ಎನ್‌ಟಿಎಸ್‌ಸಿ. ನಮ್ಮದು ಪಾಲ್. ಆ ಟೇಪು ಹೇಗೋ ವಿಜಾಪುರ ಮುಟ್ಟಿದ್ದರೂ ನಮ್ಮ ಸಾದಾ ವಿಸಿಆರ್‌ಗಳಲ್ಲಿ ಸರಿಯಾಗಿ ಓಡುತ್ತಿರಲಿಲ್ಲ.

ಎಂಬತ್ತರ ದಶಕದಲ್ಲಿ ಅಮಿಗಾ ಕಂಪ್ಯೂಟರ್ ಬಂತು, ಜೊತೆಗೆ ಜೆನ್‌ಲಾಕ್. ಓಡುವ ವಿಡಿಯೋದ ಮೇಲೆ ಕಂಪ್ಯೂಟರಿನ ಅಕ್ಷರ ಕೂರಿಸುವ ಸಲಕರಣೆ ಅದು. ಮುಂದೆ ಒರ್ಲಾಂಡೋದ ಒಂದು ಆನಿಮೆ ಕ್ಲಬ್ಬಿನ ಹೆಸರಿನಲ್ಲೇ ಜಾಕೋಸಬ್ ಎಂಬ ಅಡಿಬರಹದ ತಂತ್ರಾಂಶ ಹುಟ್ಟಿತು. ಹಳದಿ ಅಕ್ಷರ, ಕಪ್ಪು ಅಂಚು. ಹಿಮದ ಮೇಲೆ ಬಿದ್ದರೂ ಓದಲು ಬರಬೇಕಲ್ಲ! ಬೇಕಾದವರು ಖಾಲಿ ಕ್ಯಾಸೆಟ್ಟನ್ನೂ ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಕಳಿಸಬೇಕು, ಅದು ತುಂಬಿ ವಾಪಸ್ಸು ಬರುತ್ತದೆ. ನಕಲಿನ ನಕಲು ಆಗುತ್ತ ಹೋದಂತೆ ಬಣ್ಣ ಸೋರಿ ಮುಖಗಳೇ ಕಲಸಿಹೋಗುತ್ತಿದ್ದವು. ಇದು ಮಾರಾಟಕ್ಕಲ್ಲ ಅನ್ನುವ ಎಚ್ಚರಿಕೆಯೂ ಅದರಲ್ಲೇ ಇರುತ್ತಿತ್ತು. ಹೀಗೆ ಹಂಚುವುದು ಕಾನೂನಿನ ಪ್ರಕಾರ ತಪ್ಪೇ. ಆದರೂ ಅವರಿಗೊಂದು ನೀತಿ ಇತ್ತು: ಅಧಿಕೃತ ಟೇಪು ಅಂಗಡಿಗೆ ಬಂದರೆ ನಮ್ಮದು ಬಂದ್.

ತೊಂಬತ್ತರ ಕೊನೆಗೆ ಎಲ್ಲ ಕಂಪ್ಯೂಟರಿಗೆ ಬಂತು. ಅಡಿಬರಹ ಕೂರಿಸಲು ಸಬ್‌ಸ್ಟೇಷನ್ ಆಲ್ಫಾ, 2005ರಲ್ಲಿ ಏಜಿಸಬ್, ಹಂಚಲು ಬಿಟ್‌ಟೊರೆಂಟ್. ಶೈಲಿಯ ನಿಜವಾದ ಜಾತ್ರೆ ಇಲ್ಲೇ ನೋಡ್ರಿ! ಪಾತ್ರಕ್ಕೊಂದು ಬಣ್ಣ. ಅಂಗಡಿಯ ಬೋರ್ಡು ಓರೆಯಾಗಿದ್ದರೆ ಅನುವಾದದ ಅಕ್ಷರವೂ ಅಷ್ಟೇ ಓರೆ, ಅದೇ ಬಣ್ಣ. ಕ್ಯಾಮೆರಾ ಸರಿದರೆ ಅದೂ ಸರಿಯುತ್ತದೆ. ಊಟದ ಹೆಸರು, ಹಬ್ಬದ ಹೆಸರು ಬಂದರೆ ಪರದೆಯ ಮೇಲ್ತುದಿಯಲ್ಲಿ ಟಿಪ್ಪಣಿ. ಶೀರ್ಷಿಕೆ ಹಾಡಿಗಂತೂ ಕರೋಕೆ: ಪ್ರತಿ ಉಚ್ಚಾರಕ್ಕೂ ಸೆಕೆಂಡಿನ ನೂರನೇ ಭಾಗದ ಲೆಕ್ಕದಲ್ಲಿ ಸಮಯ ಕೂರಿಸಿ, ಹಾಡಿದಂತೆ ಅಕ್ಷರ ಹೊಳೆಯುವಂತೆ ಮಾಡುತ್ತಿದ್ದರು. ಒಂದೂವರೆ ನಿಮಿಷದ ಹಾಡಿಗೆ ಇಷ್ಟು ಹೆಣಗಾಟ! ಕೆಲವೊಮ್ಮೆ ಅತಿಯೂ ಆಗಿ, ಬೆಂಕಿ ಕಿಡಿಗಳ ನಡುವೆ ಮಾತೇ ಓದಲು ಬರುತ್ತಿರಲಿಲ್ಲ.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. 2004ರ ಡಿಸೆಂಬರಿನಲ್ಲಿ ಮೀಡಿಯಾ ಫ್ಯಾಕ್ಟರಿ ಎಂಬ ಜಪಾನಿ ಕಂಪನಿ, ನಮ್ಮ ಆನಿಮೆ ಹಂಚುವುದು ನಿಲ್ಲಿಸಿ ಎಂದು ಫ್ಯಾನ್‌ಸಬ್ ಮಂದಿಗೆ ವಕೀಲರಿಂದ ಪತ್ರ ಬರೆಸಿತು. 2006ರಲ್ಲಿ ಕ್ರಂಚಿರೋಲ್ ಎಂಬ ಆನಿಮೆ ಜಾಲತಾಣ ಶುರುವಾಯಿತು. 2009ರ ಜನವರಿಯಿಂದ ಅದರಲ್ಲಿ ನರುಟೋ ಧಾರಾವಾಹಿಯ ಹೊಸ ಕಂತು ಜಪಾನಿನಲ್ಲಿ ಬಂದ ದಿನವೇ ಅಡಿಬರಹ ಸಹಿತ, ಕಾನೂನುಬದ್ಧವಾಗಿ ಸಿಗತೊಡಗಿತು. ಅಭಿಮಾನಿಗಳ ಅವಸರಕ್ಕೆ ಕಾರಣವೇ ಉಳಿಯಲಿಲ್ಲ. ಒಳ್ಳೆಯದೇ ಆಯಿತು, ಕಲಾವಿದರಿಗೆ ನಾಲ್ಕು ಕಾಸು ಸಿಕ್ಕಿತು. ಆದರೆ ಓರೆ ಬೋರ್ಡಿನ ಓರೆ ಅಕ್ಷರ, ಮೇಲಿನ ಟಿಪ್ಪಣಿ ಬಹುಪಾಲು ಹೋದವು. ಹೆಚ್ಚಿನ ಕಡೆ ಅದೇ ಸಾದಾ ಬಿಳಿ ಅಕ್ಷರ. ನನಗೆ ಹೊಟ್ಟೆ ಉರಿಯುವುದು ಇಲ್ಲಿ.

ಇನ್ನು ನಮ್ಮ ಕನ್ನಡ. 1960ರ ದಶಕದಿಂದ ಡಬ್ಬಿಂಗ್‌ಗೆ ನಮ್ಮಲ್ಲಿ ವಿರೋಧ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅಂಥ ತಡೆ ಸಲ್ಲದು ಅಂದಿತು. 2017ರಲ್ಲಿ ಕನ್ನಡಕ್ಕೆ ಡಬ್ ಆದ 'ಸತ್ಯದೇವ್ ಐಪಿಎಸ್' ಚಿತ್ರ ತೆರೆಗೆ ಬಂತು. ಮಕ್ಕಳಿಗೆ ಮಾತ್ರ 2009ರಿಂದಲೇ ಡಬ್ ಆದ ಕಾರ್ಟೂನು ತೋರಿಸುವ ಚಿಂಟು ಟಿವಿ ಇತ್ತು. ಡಬ್ಬಿಂಗ್ ಬೇಕೋ ಬೇಡವೋ ಅಂತ ಅರ್ಧ ಶತಮಾನ ಜಗಳಾಡಿದೆವು, ನಡುವೆ ಇರುವ ಅಡಿಬರಹದ ದಾರಿಯನ್ನು ತಿರುಗಿಯೂ ನೋಡಲಿಲ್ಲ. ಮೂಲ ದನಿಯೂ ಉಳಿಯುತ್ತದೆ, ಕನ್ನಡವೂ ಕಣ್ಣಿಗೆ ಬೀಳುತ್ತದೆ.

ನಮ್ಮ ಲಿಪಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕರೋಕೆಗೆ ರೋಮನ್ ಅಕ್ಷರಗಳನ್ನು ಗುಂಪು ಕಟ್ಟಬೇಕು. ನಮ್ಮಲ್ಲಿ ಒಂದು ಅಕ್ಷರವೇ ಒಂದು ಉಚ್ಚಾರ, ಜಪಾನಿನ ಕಾನಾ ಲಿಪಿಯ ಹಾಗೆ. ಒತ್ತಕ್ಷರವನ್ನು ಮಾತ್ರ ನಡುವೆ ಕತ್ತರಿಸಬಾರದು, ಕತ್ತರಿಸಿದರೆ ಒತ್ತು ಕಳಚಿ ಬೀಳುತ್ತದೆ. ಒತ್ತು ಕೆಳಗಿಳಿಯುವುದರಿಂದ ಎರಡು ಸಾಲಿನ ನಡುವೆ ಜಾಗ ಹೆಚ್ಚು ಬೇಕು. ಅಂಚು ದಪ್ಪ ಮಾಡಿದರೆ 'ಘ', 'ಣ' ಅಕ್ಷರಗಳ ಹೊಟ್ಟೆ ಮುಚ್ಚಿಹೋಗುತ್ತದೆ.

ಏಜಿಸಬ್ ಈಗಲೂ ಪುಕ್ಕಟೆ. ಕಾನೂನಿನ ಹೆದರಿಕೆ ಇಲ್ಲದೆ ಶುರು ಮಾಡಬೇಕೆಂದರೆ ಬ್ಲೆಂಡರ್ ಫೌಂಡೇಷನ್ನಿನ 2010ರ 'ಸಿಂಟೆಲ್' ಎಂಬ ಚಿತ್ರ ಇದೆ. ಆನಿಮೆ ಅಲ್ಲ, ಆದರೆ ಚಂದದ ಆನಿಮೇಷನ್. ಕಳೆದುಹೋದ ಡ್ರ್ಯಾಗನ್ ಮರಿಯನ್ನು ಹುಡುಕುವ ಹುಡುಗಿಯ ಕಥೆ, 15 ನಿಮಿಷದ್ದು. ಮಾಡಿದವರ ಹೆಸರು ಹಾಕಿದರೆ ಯಾರು ಬೇಕಾದರೂ ಬಳಸಬಹುದು. ಮಾತೂ ಕಡಿಮೆ. ಕನ್ನಡದ ಸಾಲು ಹಾಕಿ ನಿಮ್ಮ ಓಣಿಯ ಐದನೇ ಇಯತ್ತೆಯ ಹುಡುಗರಿಗೆ ತೋರಿಸ್ರಿ. ಅವರು ಓದಿ ಮುಗಿಸುವುದರೊಳಗೆ ಸಾಲು ಹಾರಿಹೋದರೆ ತಪ್ಪು ಹುಡುಗರದಲ್ಲ. ಸಾಲು ಉದ್ದವಾಗಿದೆ, ಕತ್ತರಿಸ್ರಿ.