ಕೆಂಪು ಶಾಯಿಗೆ ಹೆದರಬೇಡಿ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ನಮ್ಮ ಸಂಘಗಳ ಎಷ್ಟೋ ಮನೆಗಳಲ್ಲಿ ಮಕ್ಕಳು ಡಿಗ್ರಿ ಓದುತ್ತಿದ್ದಾರೆ. ಆ ಮನೆಗಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಅವರೇ ಮೊದಲಿಗರು. ನಿಮ್ಮಲ್ಲೂ ಕೆಲವರು ದೂರಶಿಕ್ಷಣದಲ್ಲಿ ಓದುತ್ತಿದ್ದೀರಿ. ಒಮ್ಮೆ ಒಬ್ಬ ಸದಸ್ಯೆ ಬಂದು, "ಸಿಸ್ಟರ್, ಮಗಳು ಇನ್ನು ಕಾಲೇಜಿಗೆ ಹೋಗೋದಿಲ್ಲ ಅಂತಾಳೆ" ಅಂದರು. ವಿಚಾರಿಸಿದೆ. ಅವಳ ಅಸೈನ್‌ಮೆಂಟ್ ತುಂಬ ಕೆಂಪು ಶಾಯಿ. ಕೊನೆಯಲ್ಲಿ "ವಿಶ್ಲೇಷಣೆ ಸಾಲದು" ಎಂಬ ಮಾತು. ಹುಡುಗಿ ಅದನ್ನು "ನಾನು ದಡ್ಡಿ" ಅಂತ ಓದಿಕೊಂಡಿದ್ದಳು.

ನಾನೂ ಎಂ.ಎಸ್.ಡಬ್ಲ್ಯೂ. ಓದುವಾಗ ಅದೇ ತಪ್ಪು ಮಾಡಿದೆ. ಮೊದಲ ವರದಿ ವಾಪಸು ಬಂದಾಗ ಅಂಕ ನೋಡಿ, ಅತ್ತು, ಟ್ರಂಕಿನ ತಳಕ್ಕೆ ಹಾಕಿದೆ. ಎರಡನೆಯದರಲ್ಲೂ ಅದೇ ತಪ್ಪು, ಅದೇ ಟಿಪ್ಪಣಿ!

ಬ್ಯಾಂಕಿನವರು ಸಾಲ ಕೊಡುವ ಮೊದಲು ನಮ್ಮ ಸಂಘದ ಗ್ರೇಡಿಂಗ್ ಮಾಡುತ್ತಾರಲ್ಲವೇ? ಪುಸ್ತಕ ಸರಿಯಿಲ್ಲ ಅಂದರೆ ಸಂಘ ಮುಚ್ಚುತ್ತೇವೆಯೇ? ಇಲ್ಲ, ಪುಸ್ತಕ ಸರಿ ಮಾಡುತ್ತೇವೆ. ಇದೂ ಹಾಗೆಯೇ. ಅಂಕ ಮುಗಿದ ಕೆಲಸಕ್ಕೆ, ಟಿಪ್ಪಣಿ ಮುಂದಿನ ಕೆಲಸಕ್ಕೆ.

"ವಿಶ್ಲೇಷಣೆ" ಅಂದರೇನು? "ಸಾಲ ತೆಗೆದು ಹಸು ತಂದೆ" ಅನ್ನೋದು ವಿವರಣೆ. ಹಾಲಿನ ಹಣ ಯಾರ ಕೈ ಸೇರಿತು, ಯಾಕೆ ಅಂತ ಕೇಳೋದು ವಿಶ್ಲೇಷಣೆ. "ಆಧಾರ ಎಲ್ಲಿ?" ಅಂದರೆ ಈ ಮಾತು ಯಾವ ಪುಸ್ತಕದ್ದು, ಯಾವ ಲೆಕ್ಕದ್ದು ತೋರಿಸು ಅಂತ. "ಪ್ರಶ್ನೆಗೆ ಉತ್ತರವಿಲ್ಲ" ಅಂದರೆ ಗೊತ್ತಿದ್ದದ್ದನ್ನೆಲ್ಲ ಬರೆದಿದ್ದೀ, ಕೇಳಿದ್ದನ್ನು ಬಿಟ್ಟಿದ್ದೀ ಅಂತ.

ಮಕ್ಕಳಿಗೆ ಹೀಗೆ ಹೇಳಿ:

1. ಟಿಪ್ಪಣಿ ಓದಿ ಒಂದು ದಿನ ಬಿಡಿ. ಸಿಟ್ಟು, ದುಃಖ ಇಳಿಯಲಿ.
2. ಮರುದಿನ ಪ್ರಶ್ನೆಯನ್ನೂ ಉತ್ತರವನ್ನೂ ಪಕ್ಕದಲ್ಲಿಟ್ಟು ಮತ್ತೆ ಓದಿ. ಯಾವ ಸಾಲಿಗೆ ಯಾವ ಟಿಪ್ಪಣಿ ಅಂತ ಹುಡುಕಿ. ಮೆಚ್ಚಿ ಬರೆದದ್ದನ್ನೂ ನೋಡಿ, ಅದನ್ನು ಮುಂದೆಯೂ ಮಾಡಬೇಕು.
3. ಅರ್ಥವಾಗದಿದ್ದರೆ ಅಧ್ಯಾಪಕರ ಬಳಿ ಹೋಗಿ. "ಅಂಕ ಯಾಕೆ ಕಡಿಮೆ?" ಅನ್ನಬೇಡಿ. "ಈ ಪ್ಯಾರಾದಲ್ಲಿ ಇನ್ನೇನು ಬರೆಯಬೇಕಿತ್ತು?" ಅಂತ ಕೇಳಿ.
4. ತಿದ್ದಿಕೊಳ್ಳಬೇಕಾದ ಎರಡು ಮೂರು ವಿಷಯ ಚೀಟಿಯಲ್ಲಿ ಬರೆದು, ಮುಂದಿನ ಅಸೈನ್‌ಮೆಂಟ್ ಬರೆಯುವಾಗ ಎದುರಿಗಿಡಿ.

ದೂರಶಿಕ್ಷಣದವರಿಗೆ ಇದು ಇನ್ನೂ ಮುಖ್ಯ. 1985ರಲ್ಲಿ ಆರಂಭವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಅನೇಕ ಕೋರ್ಸ್‌ಗಳಲ್ಲಿ ಅಸೈನ್‌ಮೆಂಟ್‌ಗೆ ಶೇಕಡ 30 ಅಂಕ. ದಿನಾ ತರಗತಿ ಇಲ್ಲದವರಿಗೆ ಆ ಟಿಪ್ಪಣಿಯೇ ಮೇಷ್ಟ್ರು. ತಿದ್ದಿದ ಪ್ರತಿಯನ್ನು ಅಧ್ಯಯನ ಕೇಂದ್ರದಿಂದ ತಪ್ಪದೆ ಕೇಳಿ ಪಡೆಯಿರಿ.

ಆ ಹುಡುಗಿ ಚೀಟಿ ಹಿಡಿದು ಅಧ್ಯಾಪಕರ ಬಳಿ ಹೋದಳು. ಹತ್ತು ನಿಮಿಷ ಕೂರಿಸಿ ಹೇಳಿಕೊಟ್ಟರಂತೆ. ಕಾಲೇಜು ಬಿಡಲಿಲ್ಲ.

ತಾಯಂದಿರೇ, ಇನ್ನು ಮೇಲೆ "ಎಷ್ಟು ಮಾರ್ಕ್ಸ್ ಬಂತು?" ಅಂತ ಮಾತ್ರ ಕೇಳಬೇಡಿ. "ಟೀಚರ್ ಏನು ಬರೆದಿದ್ದಾರೆ, ಓದಿ ಹೇಳು ಮಗಾ" ಅನ್ನಿ. ನಿಮಗೆ ಓದಲು ಬಾರದಿದ್ದರೂ ಈ ಪ್ರಶ್ನೆ ಕೇಳಬಹುದು.